ಲೋಳೆಸರದ ಗುಣ, ಎಲೆಬಳ್ಳಿಯ ಬಿಂಕ

…ಅಲ್ಲೇ, ಅಲ್ಲೇ ನಿಲ್ಲಕ್ಕಾ! ಹಿತ್ತಲಿಗೆ ಯಾಕೆ ಅಷ್ಟು ಅವಸರ? ಮೂರು ತಿಂಗಳು ಜಗಳೂರಲ್ಲಿ ಮಗಳ ಬಾಣಂತನ ಮಾಡಿ ದಣಿದು ಬಂದಿದೀಯ, ನ್ಯಾಮತಿ ಸ್ಟ್ಯಾಂಡಿಂದ ಬಿಸಿಲಲ್ಲಿ ನಡೆದು ಬಂದಿದೀಯ, ತಮ್ಮನ ಮನೇಲಿ ಒಂದು ಲೋಟ ನೀರು ಕುಡಿಯೋದು ಬಿಟ್ಟು ನೇರ ಹಿತ್ತಲಿಗಾ? ಕೂತ್ಕೋ. ಈ ಬಟ್ಟೆ ಒಗೆಯೋ ಕಲ್ಲಿನ ಮೇಲೇ ಕೂತ್ಕೋ. ಕೂಸು ಹೆಂಗೈತೆ? ಸುಚಿತ್ರಾ ಹೆಂಗದಾಳೆ? ನಾಳೆ ತೊಟ್ಟಿಲಲ್ಲವಾ? ಬೀಗರು ಜೋರಾಗೇ ಮಾಡ್ತಾರೇನೋ…

ಏನು? ಅವ್ವನ ಬಳ್ಳಿನಾ? ಚೆನ್ನಾಗೈತೆ! ಅದಕ್ಕೇನು ಧಾಡಿ? ಕುಂಡ ನನ್ನ ಕೈಗೆ ಕೊಟ್ಟು ಹೋಗುವಾಗ ನೀನು ಅಂದ ಮಾತು ಇನ್ನೂ ಕಿವಿಯಾಗೇ ಐತೆ. 'ಮಲ್ಲೇಶ, ಇದು ಅವ್ವ ಸಂತೇಬೆನ್ನೂರಿಂದ ತಂದು ನೆಟ್ಟ ಎಲೆಬಳ್ಳಿ. ನಮ್ಮ ಮನೇಲಿ ಯಾವ ಕೂಸು ತೊಟ್ಟಿಲೇರಿದರೂ ಮುತ್ತೈದೆಯರಿಗೆ ಮೊದಲ ಎಲೆ-ಅಡಿಕೆ ಇದರದ್ದೇ. ಜೋಪಾನ' ಅಂದೆ. ಅಂದೆಯೋ ಇಲ್ಲವೋ? ಮಲ್ಲೇಶಪ್ಪನ ಕೈಗೆ ಕೊಟ್ಟದ್ದು ಎಂದಾದರೂ ಹಾಳಾಗೈತಾ?… ಯಾಕೆ ನಗ್ತೀಯ? ಆ ಎಮ್ಮೆ ನೆನಪಾಯ್ತಾ? ಎಮ್ಮೆದು ಬೇರೆ ವಿಚಾರ, ಬಿಡು.

ಅದಿರಲಿ, ನಿನಗೆ ಒಂದು ವಿಷಯ ಹೇಳಬೇಕು. ಎಲೆಬಳ್ಳಿ, ಎಲೆಬಳ್ಳಿ ಅಂತ ಯಾಕೆ ಅಷ್ಟು ಹಚ್ಚಿಕೊಂಡಿದೀರಿ ನೀವೆಲ್ಲ? ಅದೂ ಒಂದು ಗಿಡವಾ? ತಲೆ ಎತ್ತಿ ಬಾಗಿಲ ಮೇಲೆ ನೋಡು. ಲೋಳೆಸರ! ಬೇರು ಮೇಲೆ, ತಲೆ ಕೆಳಗೆ. ಯುಗಾದಿಗೆ ದೃಷ್ಟಿ ಆಗಬಾರದು ಅಂತ ಕರಿಬಸಮ್ಮ ಕಟ್ಟಿದ್ದು. ನನ್ನ ಹೆಂಡತಿ ಮಾಡಿದ ಕೆಲಸದಾಗೆ ಅದೊಂದೇ ನೆಟ್ಟಗಿರೋದು, ಅದೂ ತಲೆಕೆಳಗೆ ಕಟ್ಟಿದ್ದಕ್ಕೆ. ಮಣ್ಣಿಲ್ಲ, ನೀರಿಲ್ಲ, ಗೊಬ್ಬರ ಅಂದ್ರೆ ಏನು ಅಂತ ಅದಕ್ಕೆ ಗೊತ್ತೇ ಇಲ್ಲ. ನೇತಾಡಿಕೊಂಡೇ ಹೂ ಬಿಡ್ತು ಕಣಕ್ಕಾ! ಹಾವಿನ ಹೆಡೆ ಥರ ಬಾಗಿ, ಆಕಾಶದ ಕಡೆ ಮುಖ ಮಾಡಿ ಬಿಡ್ತು. ಕೆಳಗೆ ಹಾದುಹೋದ ಕೆಟ್ಟ ಕಣ್ಣಿನವರೆಲ್ಲ ಮಾರನೇ ದಿನ ಕನ್ನಡಕದ ಅಂಗಡೀಲಿ ಸಿಕ್ಕಿದರು.

ಉಪಯೋಗ ಕೇಳು. ಕೈ ಸುಟ್ಟರೆ ಲೋಳೆಸರ. ಮೈ ಉಷ್ಣವಾದರೆ ಲೋಳೆಸರ. ತಲೆಕೂದಲಿಗಂತೂ ಕೇಳಲೇಬೇಡ. ಹೊನ್ನಾಳಿ ಗಾದ್ರಮ್ಮಗೆ ಇದೇ ಗಿಡದ ಒಂದು ಮಡಲು ಮುರಿದು ಕೊಟ್ಟಿದ್ದೆ. ತಲೆಗೆ ತಿಕ್ಕಿಕೊಂಡಳು ನೋಡು, ಆಕೆ ನ್ಯಾಮತೀಲಿ ಬಸ್ ಇಳಿದರೂ ಜಡೆ ಇನ್ನೂ ಹೊನ್ನಾಳಿ ಸ್ಟ್ಯಾಂಡಿನಾಗೇ ಹತ್ತಾ ಇತ್ತು! ಕಂಡಕ್ಟರ್ ಬಿಡ್ತಾನಾ? 'ಅಮ್ಮಾ, ನಿನಗೆ ಫ್ರೀ, ಸರಿ. ಜಡೆಗೆ ಆಧಾರ್ ಕಾರ್ಡ್ ಎಲ್ಲೈತೆ?' ಅಂತ ಗಂಟು ಬಿದ್ದನಂತೆ… ನಗು, ನಗು. ಸುಳ್ಳಾದರೆ ಗಾದ್ರಮ್ಮನ್ನೇ ಕೇಳು. ಈಗ ಬೇಡ. ಆಮೇಲೆ ಕೇಳು.

ಅದಕ್ಕೇ ನಂದೊಂದು ಮಾತು, ನಾಳೆ ತೊಟ್ಟಿಲಿಗೆ ಲೋಳೆಸರಾನೇ ತಗೊಂಡು ಹೋಗು. ಬಂದವರಿಗೆಲ್ಲ ಒಂದೊಂದು ಮಡಲು ಹಂಚು. ಎಲೆ ಅಗಿದು ಉಗುಳ್ತಾರೆ, ಇದನ್ನ ಯಾರೂ ಉಗುಳಲ್ಲ… ಹಂಗೆ ನೋಡಬೇಡ. ಸರಿ, ಬೇಡ. ಎಲೆನೇ ಬೇಕು ಅಂದ್ರೆ ಸ್ಟ್ಯಾಂಡ್ ಪಕ್ಕದ ಅಂಗಡೀಲಿ ಕಟ್ಟು ಕಟ್ಟು ಐತೆ, ಎಳೇ ಎಲೆ, ನಾನೇ ಓಡಿ ತರ್ತೀನಿ…

ಎಲ್ಲಿಗೆ? ಅಕ್ಕಾ, ಎಲ್ಲಿಗೆ ಎದ್ದೆ? ಚಪ್ಪಲಿ! ಚಪ್ಪಲಿ ಬಿಡು ಮೊದಲು! ಎಲೆಬಳ್ಳಿ ಹತ್ತಿರ ಚಪ್ಪಲಿ ಹಾಕಿ ಹೋಗಬಾರದು ಅಂತ ಅವ್ವ ಬಡಕೊಳ್ತಿರಲಿಲ್ಲವಾ? ಸಂಜೆ ಬೇರೆ ಆತು, ದೀಪ ಹಚ್ಚೋ ಹೊತ್ತು, ಎಲೆ ಮುಟ್ಟಬಾರದು… ಮೂರು ಗಂಟೆನಾ? ಹೌದಾ? ಮೋಡ ಕಣಕ್ಕಾ. ಮೋಡಕ್ಕೆ ಕತ್ತಲಾದಂಗೆ ಕಾಣ್ತು… ಎಲ್ಲೈತೆ ಮೋಡ ಅಂದ್ರೆ? ಈಗಿತ್ತು. ಹೋತು.

ಸರಿ, ನೋಡು. ಕಣ್ತುಂಬ ನೋಡು! ಹೆಂಗೈತೆ? ಕಡು ಹಸಿರು! ನುಗ್ಗೆ ಗೂಟ ಹಿಡಿದು ಹೆಂಗೆ ಏರೈತೆ! ದೂರದಿಂದ ನೋಡು, ದೂರದಿಂದ ಚೆಂದ. ಇದರ ಬಿಂಕ ಹೇಳಬಾರದು. ಲೋಳೆಸರ ಬಡವರ ಮಗು, ಎಲ್ಲಿ ಬಿಸಾಕಿದರೂ ಆಡಿಕೊಂಡಿರ್ತೈತೆ. ಇದು ಹಂಗಲ್ಲ, ಹೊಸ ಅಳಿಯ! ಬಿಸಿಲು ಸ್ವಲ್ಪ ಹೆಚ್ಚಾದರೆ ಮುಖ ಊದಿಸ್ತೈತೆ. ನೀರು ಕಮ್ಮಿಯಾದರೆ ಸಿಟ್ಟು, ಹೆಚ್ಚಾದರೆ ಕೊಳೆರೋಗ. ಬೆಳಿಗ್ಗೆ ಚುಮುಕಿಸಬೇಕು, ಸಂಜೆ ಚುಮುಕಿಸಬೇಕು, ನೆರಳಿಗೆ ಕರಿಬಸಮ್ಮನ ಹೊಸ ಸೀರೇನೇ ಕಟ್ಟಿದೆ. ಆ ಸೀರೆ ಕಲೆ ಹೋಗಲಿಲ್ಲ ಅಂತ ನಂಗೆ ಒಂದು ವಾರ ಮಾತಿಲ್ಲ, ಬಳ್ಳಿಗೆ ಮಾತ್ರ ದಿನಾ ಮೊಬೈಲಿನಾಗೆ ವಚನ ಹಾಕಿದೆ! ಕಾಗೆ ಕೂತರೆ ಎಲೆ ಬೆದರ್ತೈತೆ ಅಂತ ನಾನು ಕಾಗೆಗಳಿಗೇ ಬೇರೆ ಮನೆ ತೋರಿಸಿ ಬಂದೆ… ಲೇ ಕರಿಬಸಮ್ಮ, ಅಡಿಗೆ ಮನೆಯಾಗೆ ನಗೋದು ನಿಲ್ಲಿಸು! ಅಕ್ಕನಿಗೆ ಕಾಫಿ ಇಡು!

ಮೂಸಬೇಡ. ಯಾಕೆ ಮೂಸ್ತೀಯ ಅಕ್ಕಾ? ಘಮ ಇಲ್ಲವಾ? ಮಧ್ಯಾಹ್ನ ಘಮ ಇರಲ್ಲ. ಮಲಗಿರ್ತೈತೆ. ಎಲೆ ದಪ್ಪ ಆಯ್ತಾ? ಆಗ್ದೇ ಇರ್ತೈತಾ? ನನ್ನ ಆರೈಕೆಗೆ ಮೈ ಕೈ ತುಂಬಿಕೊಂಡೈತೆ. ನೀನು ಬಾಣಂತೀನ ನೋಡಿಕೊಂಡಂಗೆ ನಾನು ಇದನ್ನ… ಬಾಯಿಗೆ ಹಾಕಬೇಡ! ಅಯ್ಯೋ, ಹಾಕೇಬಿಟ್ಟೆಯಾ. ಉಗುಳು. ಖಾರನಾ? ಖಾರ ಅಂದ್ರೆ ಒಳ್ಳೇ ಎಲೆ ಅಂತ ಅವ್ವನೇ ಹೇಳ್ತಿದ್ದಳು.

ಮತ್ತೇನು ಹುಡುಕ್ತಿದೀಯ ಎಲೆ ಹಿಂದೆ? ಅಲ್ಲೇನಿಲ್ಲ. ಅದು… ಅದು ಗೊಂಚಲಾ? ಹಸಿರು ಕಾಳು? ಎಲ್ಲಿ, ಕೊಡಿಲ್ಲಿ… ಓಹೋಹೋ! ಅಕ್ಕಾ! ಇದು ಪವಾಡ ಕಣಕ್ಕಾ! ಅವ್ವನ ಕಾಲದಾಗೆ ಒಂದು ದಿನವಾದರೂ ಕಾಳುಮೆಣಸು ಬಿಟ್ಟಿತ್ತಾ ಇದು? ಇಲ್ಲ! ನಿನ್ನ ಕೈಯಾಗೆ ಬಿಟ್ಟಿತ್ತಾ? ಇಲ್ಲ! ಮಲ್ಲೇಶಪ್ಪ ಮೂರು ತಿಂಗಳು ನೀರು ಹಾಕಿದ, ಎಲೆಬಳ್ಳಿಯೇ ಮೆಣಸು ಬಿಡ್ತು! ಕೃಷಿ ಮೇಳದವರಿಗೆ ಗೊತ್ತಾದರೆ ನಂಗೆ ಶಾಲು ಹೊದಿಸಿ ಪೇಟ ಇಡ್ತಾರೆ! ಎಲೇನೂ ಐತೆ, ಮೆಣಸೂ ಐತೆ, ಒಂದೇ ಬಳ್ಳೀಲಿ ತಾಂಬೂಲ, ಸಾರು, ಎರಡೂ…

ನಗಕ್ಕಾ. ಈಗ ಯಾಕೆ ನಗಲ್ಲ? ಗಾದ್ರಮ್ಮನ ಜಡೆಗೆ ನಕ್ಕೆಯಲ್ಲ.

ಏನಾದರೂ ಅನ್ನು. ಬೈಯಿ. ಹಿಂಗೆ ನೋಡಬೇಡ, ಅವ್ವ ನೋಡಿದಂಗಾಗ್ತೈತೆ… ಆ ಮಾರುತೇಶನದೇ ತಪ್ಪು! ಬಸವಾಪಟ್ಟಣದ ತೋಟದಿಂದ ಬುಡ ಸಮೇತ ಕಿತ್ತು ಕೊಡುವಾಗ 'ಎಲೆ ಒಂದೇ ಥರ ಅಣ್ಣಾ, ಯಾರಿಗೂ ಗೊತ್ತಾಗಲ್ಲ' ಅಂದಿದ್ದ. ಕಾಯಿ ಬಿಟ್ಟೈತೆ ಅಂತ ಬಾಯಿ ಬಿಟ್ಟಿದ್ದನಾ ಆ ಕಳ್ಳ?… ಅಂದ್ರೆ… ನಾನು ಹೇಳಿದ್ದು ಗೊಬ್ಬರದ ವಿಷಯ. ಗೊಬ್ಬರ ಕೊಟ್ಟ ಅಂತ.

ಕುಂಡದ ಮಣ್ಣು ಯಾಕೆ ಕೆರೀತೀಯ? ಬೆಳ್ಳಗೆ ಐತಾ? ಅದು ಅಕ್ಕಿ ತೊಳೆದ ನೀರು. ಹೆಪ್ಪುಗಟ್ಟೈತೆ. ಅಕ್ಕಿ ಒಳ್ಳೇದು ನಮ್ಮದು.

ಸರಿ ಬಿಡಕ್ಕಾ. ಬೀಗರ ಮುಂದೆ ಮಾನ ಹೋಗ್ತೈತೆ ಅಂತ ನಿನಗೆ ಸಂಕಟ, ಗೊತ್ತು ನಂಗೆ. ತೊಟ್ಟಿಲಿಗೆ ಅವ್ವನ ಎಲೆ ಇಲ್ಲ ಅಂದ್ರೆ… ಚೀಲ ಯಾಕೆ ಬಿಚ್ತೀಯ? ಒದ್ದೆ ಬಟ್ಟೆ… ಏನಿದು?… ಎಲೆ. ನಂಗಾ? ಎಲೆ, ಅಡಿಕೆ, ಮೇಲೊಂದು ಬಾಳೆಹಣ್ಣು… ಹೋ! ಸೋದರಮಾವನ ಮನೆಗೆ ಎಲೆ-ಅಡಿಕೆ ಹಿಡಿದು ಕರೆಯಾಕೆ ಬಂದದ್ದಾ ನೀನು? ಎಲೆ ಕೀಳಾಕೆ ಅಲ್ಲವಾ? ಇಷ್ಟೊತ್ತೂ ನನ್ನ ಹಾಡು ಕೇಳ್ತಾ ಕೂತಿದ್ದೆಯಾ!

ತಡಿ, ತಡಿ. ಈ ಘಮ… ಈ ತೊಟ್ಟು… ಇದು ಅವ್ವನ ಬಳ್ಳೀದು! ಎಲ್ಲಿಂದ ಬಂತು? ಜಗಳೂರಿಂದ? ಸುಚಿತ್ರಾ ಮದುವೆಯಾಗಿ ಹೋಗುವಾಗ ಒಂದು ತುಂಡು ತಗೊಂಡು ಹೋಗಿದ್ದಳಾ? ತಲೆ ಆಡಿಸ್ತೀಯ… ಆ ಕೆಂಡದಂಥ ಬಿಸಿಲಿನ ಊರಾಗೆ ಬದುಕೈತೆ! ಮತ್ತೆ ಇಲ್ಲಿ, ಇಷ್ಟು ನೀರು, ನೆರಳು, ವಚನ, ಹೊಸ ಸೀರೆ…

ಬರ್ತೀನಕ್ಕಾ, ನಾಳೆ ಬರ್ತೀನಿ. ಮೊದಲ ಬಸ್ಸಿಗೇ ಬರ್ತೀನಿ. ಅಗೀತೀನಿ, ನೋಡು, ನಿನ್ನ ಎದುರಿಗೇ ಬಾಯಿಗೆ ಹಾಕ್ಕೊಳ್ತೀನಿ. ಆಹಾ! ಅವ್ವನ ಕೈಯಿಂದ ತಿಂದಂಗೇ ಐತೆ… ಸುಣ್ಣ ಒಂದು ಕಮ್ಮಿ ಆತು. ಸುಣ್ಣ ತಂದಿಲ್ಲವೇನಕ್ಕಾ? ಚೀಲದಾಗೆ ಇಲ್ಲವಾ? ಮತ್ತೆಲ್ಲೈತೆ?

ಅಲ್ಲಿಗೆ ಯಾಕೆ ಬೆರಳು ತೋರಿಸ್ತೀಯ?

ಕುಂಡದಾಗಾ?

…ಅಲ್ಲಕ್ಕಾ, ಹೆಂಗಿದ್ರೂ ತಿನ್ನುವಾಗ ಎಲೆಗೆ ಸುಣ್ಣ ಹಚ್ಚಲೇಬೇಕಲ್ಲ. ಬುಡಕ್ಕೇ ಹಾಕಿಬಿಟ್ಟರೆ, ಹಚ್ಚಿಕೊಂಡೇ ಚಿಗುರ್ತೈತೆ ಅಂತ…