ನಲವತ್ತೊಂದರಲ್ಲಿ ನಿಂತ ಅಪ್‌ಗ್ರೇಡು

ಮೆಲ್ಲಗೆ ಹೇಳ್ತೀನಿ, ಒಳಗೆ ಅಮ್ಮ ಮಲಗಿದಾಳೆ. ಇದು ನಮ್ಮ ಲಸಾದನಿಗೆ ಆದದ್ದು. ನನ್ನ ಚಿಕ್ಕಪ್ಪನ ಮಗ. ತಲೆಯೊಳಗೆ ಗಾಳಿ, ಬಾಯಿ ಮಾತ್ರ ನಮ್ಮೂರು ಸ್ಫಾಕ್ಸಿನ ಬಂದರಿನಷ್ಟು ಅಗಲ.

ಗ್ರೆಮ್ದಾ ರಸ್ತೆಯಲ್ಲಿ ಒಂದು ಡಯಾಲಿಸಿಸ್ ಕೇಂದ್ರ. ಅಲ್ಲಿನ ಕಂಪ್ಯೂಟರ್ ಕೆಲಸವನ್ನ ಹನ್ನೊಂದು ವರ್ಷ ನೋಡ್ಕೊಂಡಿದ್ದವಳು ಮೊಂಜಿಯಾ. "ಆ ಮುದುಕಿಗೆ ಏನೂ ಬರಲ್ಲ" ಅಂತ ಊದಿ ಊದಿ, ಇವನು ಅವಳ ಕುರ್ಚಿ ಕಿತ್ಕೊಂಡ. ಸ್ವಲ್ಪ ದಿನಕ್ಕೇ ಅವಳು ತೀರ್ಕೊಂಡಳು. ಇವನು ಮಣ್ಣಿಗೂ ಹೋಗಲಿಲ್ಲ. ಆಮೇಲೆ ಹಳೇ ಯಂತ್ರ ಎಸೆದು, ಎಲ್ಲೋ ದೂರದ ಬಾಡಿಗೆ ಸರ್ವರ್ ಒಂದನ್ನ ಹಿಡಿದ. ಅರ್ಧ ಜಿಬಿ ಮೆಮೊರಿ. ಬಡಕಲು ಅಂದರೆ ಬಡಕಲು.

ಆ ರಾತ್ರಿ ಅದರ ಆಪರೇಟಿಂಗ್ ಸಿಸ್ಟಮ್ ಅಪ್‌ಗ್ರೇಡ್ ಮಾಡೋಕೆ ಕೂತ. ಇಪ್ಪತ್ತು ನಿಮಿಷದ ಕೆಲಸ ಅಂದಿದ್ದ. ನಾಲ್ಕು ತಾಸು ಕಳೆದರೂ ನೂರಕ್ಕೆ ನಲವತ್ತೊಂದು. ಅಲ್ಲೇ ನಿಂತಿದೆ. ಬೆಳಿಗ್ಗೆ ಆರಕ್ಕೆ ಹದಿನೆಂಟು ರೋಗಿಗಳು ಬರ್ತಾರೆ. ಯಾರ ಮೈಯಿಂದ ಎಷ್ಟು ನೀರು ತೆಗೀಬೇಕು, ಯಾರಿಗೆ ಯಾವ ಔಷಧಿ, ಎಲ್ಲಾ ಅದರೊಳಗೇ.

ರಾತ್ರಿ ಒಂದು ಗಂಟೆಗೆ ಲ್ಯಾಪ್‌ಟಾಪ್ ಬಗಲಿಗೆ ಹಾಕ್ಕೊಂಡು ಮನೆ ಕಡೆ ನಡೆದ. ಆಲಿವ್ ತೋಟದ ಹಳೇ ಬಾವಿ... ಗೊತ್ತಲ್ಲ? ಅಲ್ಲಿ ಸದ್ದು.

ಟಕ್... ಫ್ತೂ. ಟಕ್... ಫ್ತೂ.

ಸೂರ್ಯಕಾಂತಿ ಬೀಜ ಕಚ್ಚಿ ಸಿಪ್ಪೆ ಉಗಿಯೋ ಸದ್ದು. ಕಟ್ಟೆ ಮೇಲೆ ಮೊಂಜಿಯಾ ಕೂತಿದ್ದಳು. ಆಫೀಸಿಗೆ ಹಾಕ್ಕೊಂಡು ಬರ್ತಿದ್ದ ಅದೇ ಕಂದು ಸ್ವೆಟರ್.

"ನಿಂತಿದೆಯೇನೋ?" ಪಿಸುದನಿ.

ಇವನು ಲ್ಯಾಪ್‌ಟಾಪ್ ಅವಚಿಕೊಂಡ. "ನಿಂತಿದೆ... ರೀಸ್ಟಾರ್ಟ್ ಮಾಡ್ತೀನಿ, ಮೊಂಜಿಯಾಮ್ಮ."

"ನಿನ್ನ ತಲೆ. ನಡುವೆ ಕಿತ್ತರೆ ಮತ್ತೆ ಏಳಲ್ಲ. ಅದು ಸತ್ತಿಲ್ಲ, ತೆವಳ್ತಿದೆ. ಮೆಮೊರಿ ನೋಡಿದೆಯಾ?"

"ಇಲ್ಲ."

"ನೋಡಿಲ್ಲ." ಟಕ್... ಫ್ತೂ. "ಕತ್ತೆ."

ಓಡಿದ. ಹಿಂದೆ ಹೆಜ್ಜೆ ಸದ್ದಿಲ್ಲ... ಅದಕ್ಕೇ ಇನ್ನೂ ಜೋರಾಗಿ ಓಡಿದ.

ಮನೆಯಲ್ಲಿ ಚಿಲಕ ಹಾಕಿ ಲ್ಯಾಪ್‌ಟಾಪ್ ತೆಗೆದ. ನಲವತ್ತೊಂದು. ಅಷ್ಟಾದ ಮೇಲೂ ಆ ಪೆದ್ದನ ಬೆರಳು ರೀಸ್ಟಾರ್ಟ್ ಕಡೆಗೇ ಹೋಯ್ತು ನೋಡು. ಬೆನ್ನ ಹಿಂದೆಯೇ...

ಫ್ತೂ.

ಕುತ್ತಿಗೆಗೆ ಏನೋ ಒದ್ದೆಯಾದದ್ದು ಬಡೀತು. ತಿರುಗಲಿಲ್ಲ. ರೀಸ್ಟಾರ್ಟ್ ಬಿಟ್ಟು ಮೆಮೊರಿ ನೋಡಿದ. ತುಂಬಿ ಹೋಗಿತ್ತು, ಉಸಿರಾಡೋಕೂ ಜಾಗವಿಲ್ಲ. ಹಾಗೆ ತುಂಬಿದಾಗ ಮಿಕ್ಕಿದ್ದನ್ನ ಇಡೋಕೆ ಡಿಸ್ಕಿನಲ್ಲಿ ಸ್ವಾಪ್ ಫೈಲ್ ಅಂತ ಒಂದು ಮಾಡಿಡಬೇಕು. ಮೊನ್ನೆ ಕಲಿತೋರೂ ಮಾಡ್ತಾರೆ. ಈ ಮಹಾಶಯ ಮಾಡಿರಲಿಲ್ಲ. ಈಗ ಮಾಡೋಣ ಅಂತ ಡಿಸ್ಕ್ ನೋಡಿದರೆ... ಒಂದು ಆಗಲೇ ಇತ್ತು. ಎರಡು ಜಿಬಿ. ಚಾಲೂ ಮಾಡೋದಷ್ಟೇ ಬಾಕಿ.

ಮಾಡಿದ. ನಲವತ್ತೆರಡು... ನಲವತ್ತೈದು... ಐದೂವರೆಗೆ ಮುಗೀತು. ಆರಕ್ಕೆ ಹದಿನೆಂಟು ಜನವೂ ಅವರವರ ಹಾಸಿಗೆ ಮೇಲೆ. ದೊಡ್ಡ ಡಾಕ್ಟರು ಕೈ ಕುಲುಕಿದರೆ ನಾಚಿಕೆಗೆಟ್ಟವನು "ಎಲ್ಲಾ ಅನುಭವ, ಡಾಕ್ಟ್ರೇ" ಅಂದನಂತೆ.

ನನ್ನ ಮುಂದೆ ಮಾತ್ರ ಅತ್ತ. ನಾನು ನಂಬಲಿಲ್ಲ. ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ಆ ಸರ್ವರ್ ಅವನ ಕೈಗೆ ಬಂದದ್ದು ಏಪ್ರಿಲ್ ಹದಿನಾಲ್ಕಕ್ಕೆ, ಅವತ್ತು ನಾನೂ ಪಕ್ಕದಲ್ಲೇ ಇದ್ದೆ. ಸ್ವಾಪ್ ಫೈಲಿನ ಮುಂದಿದ್ದ ತಾರೀಖು ಅದೇ ವರ್ಷದ ಜನವರಿ ಒಂಬತ್ತು, ಮೊಂಜಿಯಾಳನ್ನ ಮಣ್ಣು ಮಾಡಿದ ದಿನ.

ನಾನೇ ಓದಿದೀನಿ. ಎರಡು ಸಲ.