ಲಾರಿಯ ಕರೇ ಹೊಗಿ, ನನ್ನ ಒಲಿ

…ಈ ಒಲಿದು ಯಾವ ಹೊಗಿನಬೇ, ನಮ್ಮ ಲಾರಿ ಬಿಡತಿದ್ದ ಹೊಗಿ ನೀ ನೋಡಿಲ್ಲ. ಕರ್ರಗ, ಹಿಂದ ಸೈಕಲ್‌ ಮ್ಯಾಲ ಬರೋರಿಗೆ ದಾರಿನ ಕಾಣತಿದ್ದಿಲ್ಲ. ಲಿಂಗಸುಗೂರು ಕಡೆ ಏರು ಬಂತಂದ್ರ ಗಾಡಿ ಮುದುಕನಂಗ ತೇಕತಿತ್ತು. ನಿಮ್ಮಪ್ಪ ಆಗ ಅಂಬೆಗಾಲು ಇಡತಿದ್ದ, ಅಲ್ಲಲ್ಲ, ಅವ ನಡೀತಿದ್ದ, ಅಂಬೆಗಾಲು ನಿಮ್ಮ ಅತ್ತಿ. ಮನೀಗೆ ಅನ್ನ ಹಾಕೋದು ಅದೊಂದ ಹಳೇ ಲಾರಿ ನೋಡು. ಸಿಂಧನೂರು ನೆಲ್ಲು, ಪಾಮನಕಲ್ಲೂರು ತೊಗರಿ ಹೊಟ್ಟು, ಎಲ್ಲಾ ಅದರಾಗ. ಹೊಗಿ ಶುರುವಾಗಿದ್ದ ತಡ, ಒಬ್ರೂ ಲೋಡ್ ಕೊಡವಲ್ರು. ನಿಮ್ಮ ತಾತ, "ಇಂಜಿನ್ ಮುಗೀತು, ನಾಳಿ ಲಿಂಗಸುಗೂರಿಗೆ ಒಯ್ದು ಗುಜರಿಗೆ ಹಾಕತೀನಿ" ಅಂತ ಮಾರಿ ಸಣ್ಣದು ಮಾಡಿ ಕುಂತ್ರು. ಎರಡು ದಿನದಿಂದ ರೊಟ್ಟಿ ಮುಟ್ಟಿದ್ದಿಲ್ಲ.

ಕಡೀಗೊಮ್ಮೆ ನೋಡ್ರಿ ಅಂತ ಲಾರಿ ರಿಪೇರಿ ಮಾಡೋ ಖಾಸೀಂ ಮಿಸ್ತ್ರಿನ್ನ ನಾನ ಕರೆಸಿದೆ. "ಮಿಸ್ತ್ರಿ ಅಣ್ಣಾ, ಹೊಗಿ ಒಂದ ನಮೂನಿ ಇರತೈತೇನು?" ಅಂದೆ. ನಕ್ಕ ಅವ. "ಅಕ್ಕಾ, ಬಿಳೇದು ಬಂದ್ರ ಒಳಗ ನೀರು ಹೊಕ್ಕೈತಿ, ನೀಲಿ ಬಂದ್ರ ಆಯಿಲ್ ಸುಡಾಕತ್ತೈತಿ, ಕರೇದು ಬಂದ್ರ ಡೀಸೆಲ್ ಪೂರಾ ಸುಡವಲ್ದು. ಇಂಜಿನ್ ಬಿಚ್ಚಬೇಕು." ಪೂರಾ ಸುಡವಲ್ದು! ಆ ಮಾತು ನನಗ ಹಿಡೀತು ನೋಡು. ಸೈಲೆನ್ಸರ್‌ದಾಗ ಬೆರಳು ಹಾಕಿ ತಿಕ್ಕಿದೆ. ಜಿಡ್ಡಿಲ್ಲ, ಒಣಾ ಮಸಿ, ರೊಟ್ಟಿ ಹಂಚಿನ ತಳದಂಗ. "ಅಣ್ಣಾ, ಒಲ್ಯಾಗ ಕಟಗಿ ಬಿಗದು ತುರುಕಿದ್ರ ನಂದೂ ಹಿಂಗ ಕರೇ ಹೊಗಿ ಬಿಡತೈತಿ. ಗಾಳಿ ಸಾಲವಲ್ದು ಇದಕ್ಕ. ಉಸಿರು ಎಲ್ಲಿಂದ ತಗೋತೈತಿ ಇದು?" "ಅಗೋ, ಆ ಏರ್ ಫಿಲ್ಟರ್ ಡಬ್ಬಿಲಿಂದ. ಅದು ಚೊಲೋ ಐತಕ್ಕಾ, ಒಂದು ಕಣಾ ಧೂಳು ಬಿಡಲ್ಲಂತಾರ ನಿಮ್ಮ ಮನಿಯವ್ರು." ತಾತ ಎದಿ ಉಬ್ಬಿಸಿ, "ಮತ್ತ? ಹೊಟ್ಟು ಹೇರೋ ಗಾಡಿ ಅಂತ ನಾನ ಒಳಗ ಬಟ್ಟಿ ಹಾಸೀನಿ, ಎರಡು ಮಡಿಕಿ!" "ಯಾವ ಬಟ್ಟೀರಿ?" "ನಿನ್ನ ಹಳೇ ಇಲಕಲ್ ಸೀರಿದು." ಅಯ್ಯ ನನ್ನ ಶಿವನ! ಕೌದಿ ಹೊಲಿಯಾಕ ಆ ಸೀರಿ ಹುಡುಕಿ ಹುಡುಕಿ ನನಗ ಸಾಕಾಗಿತ್ತು!

ಡಬ್ಬಿ ಬಿಚ್ಚಿದ್ರ, ಹೊಟ್ಟು, ಧೂಳು, ಎಣ್ಣಿ ಕೂಡಿ ಸೀರಿ ಕುಳ್ಳಿನಂಗ ಗಟ್ಟಿಯಾಗೈತಿ. "ಮೂಗಿಗೆ ಬಟ್ಟಿ ಜಡದು, ಕೆಮ್ಮತೈತಿ ಅಂತ ಗುಜರಿಗೆ ಹಾಕ್ತೀರೇನ್ರೀ?" ಅಂದೆ. ಕಿತ್ತು ಒಗದು, ಡಬ್ಬಿ ತೊಳದು ಚಾವಿ ತಿರುವಿದ್ರು. ಮೊದಲೊಂದು ಕರೇ ಮುದ್ದಿ ಹಾರಿತು, ಆಮ್ಯಾಲ ಬರೇ ಗಾಳಿ! ಮಿಸ್ತ್ರಿ ನಟ್ ಬಿಚ್ಚೋ ಪಾನಾ ನನ್ನ ಕೈಯಾಗ ಇಟ್ಟು, "ನಾಳಿಂದ ನೀವ ಹಿಡೀರಕ್ಕಾ" ಅಂದ. ತಾತ ಒಳಗ ಹೋಗಿ ಕುಂತು, "ನಾಕು ರೊಟ್ಟಿ ಹಚ್ಚು" ಅಂದ್ರು.

ಮರುದಿನ ಲೋಡ್ ಹೇರಿ ಲಿಂಗಸುಗೂರಿಗೆ ಹೊಂಟ್ವಿ, ನಾನೂ ಮುಂದ ಕುಂತೆ. ಏರು ಹತ್ತೇ ಹತ್ತಿತು. ಕನ್ನಡ್ಯಾಗ ನೋಡಿದ್ರ ಹಿಂದ ದಾರಿ ಸ್ವಚ್ಛ. ಗುಜರಿ ಅಂಗಡಿ ಬಂತು. "ಹಾರ್ನ್ ಹೊಡೀರಿ" ಅಂದೆ. ಹೊಡದ್ರು ನೋಡು, ಅಂಗಡಿಯವ ಎದ್ದು ನಿಂತ!

ಪ್ರೀತಿಲೆ ಹೊಚ್ಚಿದ್ರೂ ಮೂಗು ಬಿಟ್ಟು ಹೊಚ್ಚಬೇಕವ್ವಾ. ಏಳು, ಒಲ್ಯಾಗ ತುರುಕಿದ್ದರಾಗ ಎರಡು ಕಟಗಿ ಹಿಂದಕ್ಕ ಎಳಿ.