ಮೂರನೇ ಮಹಡಿಯ ಮುದುಕನ ವಿಷಯ

ಹಾಡು ಕೇಳುವವರ ನಡುವೆ 'ಕೊಂದಕ್ಕ' ಎಂಬ ಹೆಸರಿನಿಂದ ಪರಿಚಿತಳಾದ ನಾನು, ವಯಸ್ಸು 48 ವರ್ಷ, ವಿದ್ಯಾಭ್ಯಾಸ ಎಂ.ಎ., ಬೆಳಗಿನ ಹೊತ್ತು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ, ಉಳಿದ ಹೊತ್ತು ಹಾಡು ಬರೆದು ಗಿಟಾರ್ ನುಡಿಸಿ ಹಾಡುವ ಕೆಲಸ, ವಾಸ ಠಾಣೆಯಿಂದ ಎಂಟುನೂರು ಮೀಟರ್ ದೂರದ ಕಬ್ಬಿಣದ ಮೆಟ್ಟಿಲಿನ ಕಟ್ಟಡ, ಎರಡನೇ ಮಹಡಿ, ಮನೆ ಸಂಖ್ಯೆ 7. ಇಂದು ಬೆಳಿಗ್ಗೆ ನನ್ನ ಹಾಡೊಂದರ ಮೇಲೆ ಕೊಲೆಯ ಅನುಮಾನದಿಂದ ಬಂದ ದೂರಿಗೆ ಸಂಬಂಧಿಸಿ, ಠಾಣೆಯಲ್ಲಿ ಕೇಳಿದ್ದಕ್ಕೆ ಉತ್ತರವಾಗಿ ತಿಳಿಸುವುದೇನೆಂದರೆ:

ಇಪ್ಪತ್ತಾರು ವರ್ಷದ ಹಿಂದೆ, ಮೊದಲ ಸಂಬಳ ಕೈಗೆ ಬಂದ ದಿನ ಸಂಜೆ ಐದಕ್ಕೆ, ನಾನು ವಾದ್ಯ ರಿಪೇರಿಯ ಅಂಗಡಿಗೆ ಹೋದೆ. ಅಂಗಡಿ ಒಂದು ಹಳೇ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಮೂಲೆಯಲ್ಲಿ ಕತ್ತು ಬಾಗಿದ ಒಂದು ಗಿಟಾರ್ ಇತ್ತು. ಅದಕ್ಕೆ ಅಂಗಡಿಯವರು ಮುದುಕ ಎನ್ನುತ್ತಿದ್ದರು. "ಆ ಮುದುಕನ್ನ ಕರ್ಕೊಂಡು ಹೋಗಮ್ಮ, ಕೂತಲ್ಲೇ ಕೂತು ಎರಡು ವರ್ಷ ಆಯ್ತು, ನನಗೂ ಅವನ ಮುಖ ನೋಡಿ ನೋಡಿ ಸಾಕಾಗಿದೆ" ಎಂದರು. ನಾನು ಅದನ್ನು ಕೊಂಡುಕೊಂಡೆ. ಮನೆಯಲ್ಲಿ ಅಮ್ಮ ಸಂಬಳ ಎಲ್ಲಿ ಎಂದು ಕೇಳಿದ್ದಕ್ಕೆ ಮುದುಕನನ್ನು ಕೊಂಡೆ ಎಂದೆ. ಅಮ್ಮ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಗಿಟಾರಿಗೆ ಹಳೇ ಸೀರೆಯಲ್ಲಿ ಚೀಲ ಹೊಲಿದು ಕೊಟ್ಟರು.

ಆ ವಾರವೇ ನಾನು ಹಾಡು ಬರೆದೆ. ಅದರ ಮೊದಲ ಸಾಲುಗಳು ಹೀಗಿವೆ:

ಮೂರನೇ ಮಹಡಿಯ ಮುದುಕನ ಕೊಂಡೆ
ತಂತಿಯ ಬಿಗಿದೆ, ಕಿವಿಯನು ಹಿಂಡಿದೆ
ಚೀಲದೊಳಿಟ್ಟು ಮೆಟ್ಟಿಲನಿಳಿದೆ
ಅಮ್ಮಾ, ಬಾಗಿಲು ಹಾಕಿಕೋ

ಕಿವಿ ಎಂದರೆ ತಂತಿ ಬಿಗಿಯುವ ತಿರುಪು. ನೀರಿನ ಪಂಪು ರಿಪೇರಿ ಮಾಡುವ, ಎಲ್ಲರೂ ಡಬ್ಬ ಎಂದು ಕರೆಯುವ ನನ್ನ ಗೆಳೆಯ ಡ್ರಮ್ಸ್ ನುಡಿಸಿದ. ಬಡಗಿಯೊಬ್ಬರ ಶೆಡ್ಡಿನಲ್ಲಿ ಒಂದೇ ಮೈಕ್ ಇಟ್ಟು ರೆಕಾರ್ಡ್ ಮಾಡಿದೆವು. ಮೈಕಿನಿಂದ ನನಗೆ ಎರಡು ಅಡಿ, ಡಬ್ಬನಿಗೆ ನಾಲ್ಕು ಅಡಿ. 'ಕೊಂಡೆ'ಯ ಎರಡನೇ ಅಕ್ಷರದ ಮೇಲೆ ಸರಿಯಾಗಿ ಡಬ್ಬನ ಪೆಟ್ಟು ಬಿದ್ದು, ಕ್ಯಾಸೆಟ್ಟಿನಲ್ಲಿ ಅದು 'ಕೊಂದೆ' ಎಂದು ಕೇಳಿಸುತ್ತಿತ್ತು. ಇದು ನನಗೆ ಅಂದೇ ಗೊತ್ತಾಯಿತು. ಮತ್ತೆ ರೆಕಾರ್ಡ್ ಮಾಡಲು ಬಡಗಿ ಶೆಡ್ಡು ಬಿಟ್ಟುಕೊಡಲಿಲ್ಲ. ಮರುದಿನ ಅವರಿಗೆ ಎರಡು ಮಂಚ ಮುಗಿಸಿ ಕೊಡುವುದಿತ್ತು.

ಕ್ಯಾಸೆಟ್ಟುಗಳನ್ನು ನಾನೇ ಒಂದೊಂದಾಗಿ ಪ್ರತಿ ಮಾಡಿ, ಹೊದಿಕೆಗೆ ಅಂಟು ಹಚ್ಚಿ, ಕಾಲೇಜುಗಳ ಗೇಟಿನ ಹತ್ತಿರ ಮಾರಿದೆ. ನಾಲ್ಕು ತಿಂಗಳ ನಂತರ ಒಂದು ಕಾಲೇಜಿನ ಅಂಗಳದಲ್ಲಿ ಹಾಡಿದಾಗ, ಮುಂದೆ ನಿಂತ ಸುಮಾರು ಅರವತ್ತು ಮಂದಿ ನನಗಿಂತ ಮೊದಲೇ 'ಕೊಂದೆ' ಎಂದು ಹಾಡಿದರು. ಅಲ್ಲಿಯವರೆಗೆ ನಾನು ಬರೆದ ಸಾಲನ್ನು ಬೇರೆಯವರ ಬಾಯಲ್ಲಿ ನಾನು ಕೇಳಿರಲಿಲ್ಲ. ತಿದ್ದಬೇಕೆಂದು ಮೈಕಿನ ಹತ್ತಿರ ಹೋದೆ. ತಿದ್ದಲಿಲ್ಲ. ಕೊಂದಕ್ಕ ಎಂಬ ಹೆಸರು ಬಿದ್ದದ್ದು ಅಲ್ಲಿಂದಲೇ.

ಮರುವರ್ಷ ದೊಡ್ಡ ಕ್ಯಾಸೆಟ್ ಕಂಪನಿಯ ಮ್ಯಾನೇಜರ್ ಕರೆಸಿದರು. ಹಾಡು ಚೆನ್ನಾಗಿದೆ, ಕೊಲೆಯ ಪದ ಇದ್ದರೆ ರೇಡಿಯೋದವರು ಮುಟ್ಟುವುದಿಲ್ಲ, ಬದಲಾಯಿಸಿ ಎಂದರು. ಅದು ಯಾವ ಪದ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಬದಲಾಯಿಸುವುದಿಲ್ಲ ಎಂದಷ್ಟೇ ಹೇಳಿ ಎದ್ದು ಬಂದೆ. ಹೊರಗೆ ಕಾಯುತ್ತಿದ್ದ ಡಬ್ಬ, ಕಡಲೆಕಾಯಿ ತಿನ್ನುತ್ತಾ, ಒಳ್ಳೆಯದಾಯಿತು, ಆ ಮ್ಯಾನೇಜರ್ ಕಾಲಿನಲ್ಲಿ ತಾಳ ಹಾಕಿದ್ದನ್ನು ಗಾಜಿನಿಂದ ನೋಡಿದೆ, ಒಂದೂ ಸರಿ ಬೀಳಲಿಲ್ಲ ಎಂದ. ಅಂದಿನಿಂದ ಇಂದಿನವರೆಗೆ ನಮ್ಮ ಐದು ಆಲ್ಬಮ್‌ಗಳನ್ನೂ ನಾವೇ ತಂದಿದ್ದೇವೆ. ಬೆಳಿಗ್ಗೆ ಆರರಿಂದ ಹನ್ನೆರಡರವರೆಗೆ ಬೇರೆಯವರ ತಪ್ಪು ತಿದ್ದುತ್ತೇನೆ, ಆಮೇಲೆ ಮನೆಗೆ ಬಂದು ಹಾಡು ಬರೆಯುತ್ತೇನೆ. ಈ ಜೀವನದ ಬಗ್ಗೆ ನನ್ನ ದೂರು ಏನೂ ಇಲ್ಲ.

ಎಂಟು ತಿಂಗಳ ಹಿಂದೆ, ನಮ್ಮ ಕಟ್ಟಡದ ಮೂರನೇ ಮಹಡಿಗೆ 76 ವರ್ಷದ ಯಜಮಾನರೊಬ್ಬರು ಬಾಡಿಗೆಗೆ ಬಂದರು. ಬಸ್ ನಿಲ್ದಾಣದಲ್ಲಿ ಮೂವತ್ತೆಂಟು ವರ್ಷ ಟೈಂ ಕೀಪರ್ ಆಗಿ ನಿವೃತ್ತರಾದವರು. ಬಂದ ಮೂರನೇ ದಿನ ನಮ್ಮ ಅಭ್ಯಾಸದ ನಡುವೆ ಬಾಗಿಲು ಬಡಿದರು. ಗಲಾಟೆಗೆ ಕ್ಷಮೆ ಕೇಳಿದೆ. "ಗಲಾಟೆ ಇರ್ಲಿ ಬಿಡಮ್ಮ, ಎರಡನೇ ಚರಣದಲ್ಲಿ ನಿಮ್ಮ ಗಾಡಿ ಲೇಟಾಗ್ತಿದೆ, ಅದನ್ನ ನೋಡು" ಎಂದರು. ನೋಡಿದೆವು. ಲೇಟಾಗುತ್ತಿತ್ತು. ಅಂದಿನಿಂದ ಅವರು ನಮ್ಮ ತಂಡದಲ್ಲಿ ಸೀಟಿ ಹೊಡೆಯುತ್ತಾರೆ, ಪಲ್ಲವಿಗೆ ದನಿ ಕೊಡುತ್ತಾರೆ. ಇದನ್ನು ತಮ್ಮ ಮಗಳಿಗೆ ಹೇಳಿರಲಿಲ್ಲ. ವೇದಿಕೆಯ ಬೂಟುಗಳನ್ನು ನನ್ನ ಮನೆಯಲ್ಲೇ ಇಟ್ಟಿದ್ದರು.

ಇಂದು ಶನಿವಾರ ಸಂಜೆ ಆರಕ್ಕೆ ಮುನ್ನೂರು ಆಸನಗಳ ಸಭಾಂಗಣದಲ್ಲಿ ನಮ್ಮ ಕಾರ್ಯಕ್ರಮವಿದೆ. ಇಪ್ಪತ್ತಾರು ವರ್ಷದಲ್ಲಿ ಎಲ್ಲ ಆಸನವೂ ತುಂಬಿರುವುದು ಇದೇ ಮೊದಲು.

ಅದಕ್ಕೆಂದು ಮುದ್ರಣಾಲಯಕ್ಕೆ ರಜೆ ಹಾಕಿ ಮನೆಯಲ್ಲಿದ್ದೆ. ಬೆಳಿಗ್ಗೆ 8.30ಕ್ಕೆ ಯಜಮಾನರು ಕೆಳಗೆ ಬಂದು, ಚಪ್ಪಲಿ ನನ್ನ ಬಾಗಿಲ ಮುಂದೆ ಬಿಟ್ಟು, ಬೂಟು ಹಾಕಿಕೊಂಡು ಹೊರಗೆ ಹೋದರು. 9ಕ್ಕೆ ನಾನೂ ಡಬ್ಬನೂ ಅಭ್ಯಾಸ ಶುರು ಮಾಡಿದೆವು. 9.50ಕ್ಕೆ ಅವರ ಮಗಳು ಬೇರೆ ಊರಿನಿಂದ ಹೇಳದೆ ಬಂದರು. ತಂದೆಯ ಮನೆಗೆ ಬೀಗ. ಫೋನ್ ಮಾಡಿದರೆ ಒಳಗೇ ಬಡಿದುಕೊಳ್ಳುತ್ತಿತ್ತು. ಮೆಟ್ಟಿಲಿಳಿದರೆ ನನ್ನ ಬಾಗಿಲಲ್ಲಿ ತಂದೆಯ ಚಪ್ಪಲಿ, ಒಳಗಿನಿಂದ ನನ್ನ ಹಾಡು. ಮೂರನೇ ಮಹಡಿ, ಮುದುಕ, ತಂತಿ, ಚೀಲ ಎಲ್ಲವನ್ನೂ ಕೇಳಿಸಿಕೊಂಡ ಅವರು ಬಾಗಿಲು ತಟ್ಟಲು ಧೈರ್ಯವಾಗದೆ ಠಾಣೆಗೆ ಫೋನ್ ಮಾಡಿದರು. ಇದರಲ್ಲಿ ಅವರ ತಪ್ಪು ನನಗೆ ಕಾಣುವುದಿಲ್ಲ.

10.20ಕ್ಕೆ ಇನ್‌ಸ್ಪೆಕ್ಟರ್ ಮತ್ತು ಒಬ್ಬ ಪೇದೆ ಬಂದರು. ಯಜಮಾನರು ಎಲ್ಲಿ ಎಂದು ಕೇಳಿದ್ದಕ್ಕೆ ಗೊತ್ತಿಲ್ಲ, ಬೂಟು ಹಾಕಿಕೊಂಡು ಹೋದರು ಎಂದೆ. ಕೇಳದಿದ್ದರೂ ಡಬ್ಬ ಮಾತಾಡಿದ. "ಹಾಡಲ್ಲಿ ಮಾತ್ರ ಸಾರ್. ಇಪ್ಪತ್ತಾರು ವರ್ಷದಿಂದ ಕೊಲ್ತಾನೇ ಇದೀವಿ, ಇವತ್ತಿನವರೆಗೂ ಯಾರೂ ಏನೂ ಅಂದಿಲ್ಲ" ಎಂದ. ಅವನ ಈ ಮಾತನ್ನು ಪೇದೆ ಬರೆದುಕೊಂಡರು. 11.20ಕ್ಕೆ ಸಭಾಂಗಣದ ಮೇಲ್ವಿಚಾರಕರು ಫೋನ್ ಮಾಡಿ, ಪೊಲೀಸರು ಬಂದಿರುವುದು ತಿಳಿಯಿತು, ದೂರು ಮುಗಿದಿದೆ ಎಂದು ಠಾಣೆಯಿಂದ ಪತ್ರ ತರದಿದ್ದರೆ ಬಾಗಿಲು ತೆರೆಯುವುದಿಲ್ಲ ಎಂದರು.

11.35ಕ್ಕೆ ಯಜಮಾನರು ಕ್ಷೌರದಂಗಡಿಯಿಂದ, ಸಂಜೆಗೆಂದು ತಲೆಗೆ ಕಪ್ಪು ಬಣ್ಣ ಹಾಕಿಸಿಕೊಂಡು ಮೆಟ್ಟಿಲು ಹತ್ತಿ ಬಂದರು. ಪೇದೆ ಅವರಿಗೇ ಬಿಳಿತಲೆಯ ಫೋಟೋ ತೋರಿಸಿ, ಇವರನ್ನು ಕಂಡಿದ್ದೀರಾ ಎಂದು ಕೇಳಿದರು. ಅವರು ಫೋಟೋ ಕೈಗೆ ತೆಗೆದುಕೊಂಡು, "ನಲವತ್ತು ನಿಮಿಷದ ಹಿಂದೆ ಇದ್ದ" ಎಂದರು. ಆ ದನಿಗೆ ಮಗಳು ಓಡಿಬಂದು ಅವರ ಎರಡೂ ತೋಳು ಹಿಡಿದುಕೊಂಡರು. ಅಳು ನಿಂತು, ತಂಡದ ವಿಷಯ ತಿಳಿದ ಮೇಲೆ, ಮೊದಲೇ ಹೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆನೇ ಎಂದು ಕೇಳಿದರು. ನೀನು ಅನ್ನುತ್ತಿದ್ದೆ ಎಂದರು ತಂದೆ. ಮಗಳು ಸ್ವಲ್ಪ ಯೋಚಿಸಿ, ಹೌದು, ಅನ್ನುತ್ತಿದ್ದೆ ಎಂದರು.

ವಿಷಯ ಅಲ್ಲಿಗೆ ಮುಗಿಯಲಿಲ್ಲ. ಈ ಮುದುಕರು ಬದುಕಿದ್ದಾರೆ ಸರಿ, ಇಪ್ಪತ್ತಾರು ವರ್ಷದ ಹಿಂದಿನ ಹಾಡಿನಲ್ಲಿರುವ ಮುದುಕ ಯಾರು ಎಂದು ಇನ್‌ಸ್ಪೆಕ್ಟರ್ ಕೇಳಿದರು. ದೂರಿನಲ್ಲಿ ಹಾಡಿನ ಸಾಲು ಬರೆದಾಗಿದೆ, ನಿಮ್ಮ ಡ್ರಮ್ಸಿನವರು ಬೇರೆ ಒಪ್ಪಿಕೊಂಡಿದ್ದಾರೆ, ಉತ್ತರವಿಲ್ಲದೆ ಪತ್ರ ಕೊಡಲು ಬರುವುದಿಲ್ಲ ಎಂದರು. ಎಲ್ಲರೂ 12.30ಕ್ಕೆ ಠಾಣೆಗೆ ಬಂದೆವು. ಅವರು ನನ್ನನ್ನು ಕೂರಿಸಿ ನೀರು ಕೊಡಿಸಿ ಕೇಳಿದ ಮೊದಲ ಪ್ರಶ್ನೆ, ಆ ಸಾಲಿನ ಕೊನೆಯ ಪದ ಯಾವುದು ಎಂದು.

ಇಷ್ಟು ವರ್ಷದಲ್ಲಿ ಇದನ್ನು ನನಗೆ ಕೇಳಿದವರು ಇವರೊಬ್ಬರೇ. ನಾನು ಗೋಡೆಯ ಗಡಿಯಾರ ನೋಡಿದೆ. ಪದ ಹೇಳಿದರೆ ಕೊಂದಕ್ಕ ಎಂಬ ಹೆಸರೇ ಹೋಗುತ್ತದೆ, ಹೇಳದಿದ್ದರೆ ಸಂಜೆಯ ಸಭೆ ಹೋಗುತ್ತದೆ ಎಂಬುದು ನನ್ನ ಯೋಚನೆಯಾಗಿತ್ತು. ಆಮೇಲೆ 'ಕೊಂಡೆ' ಎಂದೆ. ಕೊಂದದ್ದಲ್ಲ, ಕೊಂಡದ್ದು.

ಡಬ್ಬ ಕುರ್ಚಿಯಿಂದ ಎದ್ದ. "ಇಷ್ಟು ವರ್ಷ ಕೊಲೆಗೆ ತಾಳ ಹಾಕ್ತಿದೀನಿ ಅಂದ್ಕೊಂಡಿದ್ದೆ ಕಣೇ, ನೀನು ನೋಡಿದ್ರೆ ಅಂಗಡಿ ವ್ಯಾಪಾರಕ್ಕೆ ಹಾಕಿಸ್ತಿದ್ದೆ" ಎಂದ. ನನಗೆ ಹೇಳಬೇಕಿತ್ತು ಎಂದೂ ಮೆಲ್ಲಗೆ ಹೇಳಿದ. ಹೇಳಬೇಕಿತ್ತು. ಅದು ನನ್ನ ತಪ್ಪು.

ನಾನು ಫೋನ್ ಮಾಡಿದ ಮೇಲೆ, 2.15ಕ್ಕೆ ಪಕ್ಕದ ಬೀದಿಯಿಂದ ನನ್ನ ಅಮ್ಮ ರಸೀದಿ ಹಿಡಿದು ಬಂದರು. ವಾದ್ಯದ ಅಂಗಡಿಯ ಆ ಹಳೇ ರಸೀದಿಯನ್ನು ಹೊಲಿಗೆ ಡಬ್ಬಿಯಲ್ಲಿ ಗುಂಡಿಗಳ ಕೆಳಗೆ ಇಟ್ಟುಕೊಂಡಿದ್ದರಂತೆ. ನನಗೆ ಇಂದಿನವರೆಗೆ ಗೊತ್ತಿರಲಿಲ್ಲ. ಅದರಲ್ಲಿ 'ಗಿಟಾರ್, ಮುದುಕ, ಒಂದು' ಎಂದಿದೆ. "ಇವಳಿಗೆ ಸೊಳ್ಳೆ ಹೊಡೆಯೋಕೂ ಬರಲ್ಲ ಸ್ವಾಮಿ, ಮುದುಕನ್ನ ಎಲ್ಲಿಂದ ಹೊಡೀತಾಳೆ" ಎಂದರು ಅಮ್ಮ. ರಸೀದಿ ನೋಡಿದ ಇನ್‌ಸ್ಪೆಕ್ಟರ್, ಹೇಳಿಕೆಗೆ ಸಹಿಯಾದ ಕೂಡಲೇ ಪತ್ರ ಕೊಡುವುದಾಗಿ ಹೇಳಿದರು. ಸಂಜೆ ಹಾಡುವಾಗ ಯಾವ ಪದ ಹಾಡುತ್ತೀರಿ ಎಂದೂ ಕೇಳಿದರು. ಯಾವಾಗಲೂ ಹಾಡುವುದನ್ನೇ ಹಾಡುತ್ತೇನೆ ಎಂದೆ.

ಇಲ್ಲಿಯವರೆಗಿನ ಹೇಳಿಕೆಯನ್ನು ಬರೆದುಕೊಂಡ ಪೇದೆ 3.40ಕ್ಕೆ ನನಗೆ ಓದಿಹೇಳಿದರು. ಹಾಡಿನ ಮೊದಲ ಸಾಲಿನಲ್ಲಿ ಅವರು 'ಕೊಂದೆ' ಎಂದು ಬರೆದಿದ್ದರು. ತೋರಿಸಿದೆ. ಕಾಲೇಜಿನಲ್ಲಿ ನಾಲ್ಕು ವರ್ಷ ಹಾಗೇ ಹಾಡಿದ್ದು ಮೇಡಂ, ಕೈ ತಾನಾಗಿ ಹೋಯಿತು ಎಂದರು. ನಿಜವಾಗಿಯೂ ಕೊಂಡೆಯೇ ಎಂದು ಇನ್ನೊಮ್ಮೆ ಕೇಳಿ, ಹೌದು ಎಂದಾಗ ಪೆನ್ನು ನನ್ನ ಕೈಗೆ ಕೊಟ್ಟರು. ಅವರ ಮುಖ ಸ್ವಲ್ಪ ಸಪ್ಪೆಯಾಗಿತ್ತು. ಕರಡು ತಿದ್ದುವ ರೀತಿಯಲ್ಲೇ ಆ ಅಕ್ಷರ ಹೊಡೆದುಹಾಕಿ, ಅಂಚಿನಲ್ಲಿ ಸರಿ ಅಕ್ಷರ ಬರೆದಿದ್ದೇನೆ.

ಈಗ ಹೊರಗಿನ ಬೆಂಚಿನಲ್ಲಿ ಮಗಳು ತಂದೆಯ ಕಿವಿಯ ಹಿಂದೆ ಉಳಿದ ಬಣ್ಣವನ್ನು ಒದ್ದೆ ಕರವಸ್ತ್ರದಿಂದ ಒರೆಸುತ್ತಿದ್ದಾರೆ. ಸಂಜೆ ಸಭಾಂಗಣದಲ್ಲಿ ಆ ಮಗಳಿಗೆ ನನ್ನ ಅಮ್ಮನ ಪಕ್ಕ ಕುರ್ಚಿ ಹಾಕಿಸುವುದಾಗಿ ಹೇಳಿದ್ದೇನೆ. ನನ್ನ ಕೋರಿಕೆ ಒಂದೇ: ಈ ಹೇಳಿಕೆ ಠಾಣೆಯ ಕಡತದಲ್ಲೇ ಇರಲಿ. ಸಂಜೆ ಆರಕ್ಕೆ ಮುನ್ನೂರು ಮಂದಿ ಯಾವ ಪದ ಹಾಡಿದರೂ ನನ್ನ ತಕರಾರಿಲ್ಲ.

ಮೇಲೆ ಹೇಳಿದ್ದೆಲ್ಲ ನಾನು ಬಲ್ಲಂತೆ ನಿಜ. ಓದಿಸಿ ಕೇಳಿದ್ದೇನೆ, ಸರಿಯಾಗಿದೆ.

ತಿದ್ದುಪಡಿ: ಒಂದು ಅಕ್ಷರ.

ಸ್ಥಳ: ಠಾಣೆಯ ಒಳಕೋಣೆ
ದಿನ: ಶನಿವಾರ, ಮಧ್ಯಾಹ್ನ 3.55

(ಸಹಿ)
ಕೊಂದಕ್ಕ